ಮುಟ್ಟಿದ್ದಿಲ್ಲೆ, ಉದ್ದಿದ್ದು ಮಾಂತ್ರ

ವಿಮಾನ ಹತ್ತಬೇಕೆಂದರೆ ನಮ್ಮ ಕಡೆಯವರು ಒಂದೋ ಮಂಗಳೂರಿನ ಬಜಪೆಗೆ ಹೋಗಬೇಕು, ಇಲ್ಲವಾದರೆ ಕಣ್ಣೂರಿನ ಮಟ್ಟನ್ನೂರಿಗೆ. ನನ್ನ ಲ್ಯಾಪ್‌ಟಾಪಿಗೆ ಆ ತಾಪತ್ರಯವೇ ಇಲ್ಲ. ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಬಸ್ಸಿಳಿದ ಮೇಲೂ ಅಡಿಕೆ ತೋಟದ ಬದಿಯಲ್ಲಿ ನಡೆದು ಬರಬೇಕಾದ ಮನೆಯ ಜಗಲಿಯಲ್ಲಿ ಕೂತಲ್ಲಿಂದಲೇ ಅದು ಏರೋಪ್ಲೇನ್ ಮೋಡಿಗೆ ಹೋಗುತ್ತದೆ. ನಿನ್ನೆಯೂ ಹೋಯಿತು. ಮಕ್ಕಳ ವಿವರವನ್ನು ಸಂಜೆ ಐದರ ಒಳಗೆ ಸೈಟಿಗೆ ಏರಿಸಲೇಬೇಕೆಂದು ಹೆಡ್‌ಮಾಸ್ಟ್ರು ಗ್ರೂಪಿನಲ್ಲಿ ಬೆಳಗ್ಗಿನಿಂದ ಬಡಿದುಕೊಳ್ಳುತ್ತಿದ್ದರು. ಶಾಲೆಯಿಂದ ಓಡೋಡಿ ಬಂದು, ಚಾ ಕೂಡ ಕುಡಿಯದೆ ತೆರೆದರೆ, ಮೇಲಿನ ಮೂಲೆಯಲ್ಲಿ ವೈಫೈ ಗುರುತು ಇರಬೇಕಾದಲ್ಲಿ ಒಂದು ಪುಟ್ಟ ವಿಮಾನ.

ಒಳಗಿನಿಂದ ಮಾವ ಹೆಗಲಿನ ಟವೆಲ್ಲು, ಅದೇ ಬೈರಾಸು, ಕೊಡವುವ ಸದ್ದು ಕೇಳಿತು. ನನಗೆ ಅರ್ಥವಾಯಿತು.

ನನ್ನ ಲ್ಯಾಪ್‌ಟಾಪನ್ನು ನಡೆಸುವುದು ವಿಂಡೋಸ್ ಅಲ್ಲ, ಅದರ ಬದಲಿಗೆ ಬಳಸುವ ಲಿನಕ್ಸ್. ಹಾಗಾಗಿ ಇದನ್ನು ಯಾರಿಗೆ ಹೇಳಿದರೂ “ಅದು ಲಿನಕ್ಸ್ ಅಲ್ವಾ, ಅದಕ್ಕೇ” ಎನ್ನುತ್ತಾರೆ. ಕರೆಂಟು ಹೋದರೂ ಲಿನಕ್ಸಿನದ್ದೇ ತಪ್ಪು ಎನ್ನುವಷ್ಟು ಖಚಿತವಾಗಿ. ಕೇರಳದಲ್ಲಿ ಟೀಚರಾಗಿರುವ ನಾನು ಇದನ್ನು ಒಪ್ಪುವುದು ಹೇಗೆ? 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ, 2017ರಲ್ಲಿ ಕೈಟ್ ಆದ ಕೇರಳ ಸರಕಾರದ ಯೋಜನೆಯಿಂದಾಗಿ ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದೇ ಲಿನಕ್ಸ್. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಚಿತ್ರ ಬಿಡಿಸುವ ಜಿಂಪ್, ಇಂಕ್‌ಸ್ಕೇಪ್, ಗಣಿತದ ಜಿಯೋಜಿಬ್ರಾ ಎಲ್ಲ ಕನ್ನಡದಲ್ಲೇ ಪಾಠ ಓದಿ ಕಲಿಯುತ್ತಾರೆ. ಮಾವಂದಿರಿಂದ ಲ್ಯಾಪ್‌ಟಾಪನ್ನು ಕಾಪಾಡುವುದು ಹೇಗೆ ಎಂಬ ಪಾಠ ಮಾತ್ರ ಯಾವ ತರಗತಿಯಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಮೈದುನನಿಗೆ ಫೋನು ಮಾಡಿದರೆ ಅವನ ಮೊದಲ ಮದ್ದು ಯಾವಾಗಲೂ ಒಂದೇ: “ಅತ್ತಿಗೆ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.” ಈ ರೋಗಕ್ಕೆ ಆ ಮದ್ದು ತಾಗುವುದಿಲ್ಲ. ವೈಫೈ, ಬ್ಲೂಟೂತುಗಳು ಬಂದ್ ಆಗಿದ್ದವೋ ಚಾಲೂ ಇದ್ದವೋ ಎಂಬುದನ್ನು ಲಿನಕ್ಸನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ ಬರೆದಿಟ್ಟುಕೊಂಡು, ಮುಂದಿನ ಸಲ ಲ್ಯಾಪ್‌ಟಾಪು ಎದ್ದಾಗ ಅದೇ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಇಷ್ಟು ಜ್ಞಾಪಕಶಕ್ತಿ ನನ್ನ ಏಳನೇ ಕ್ಲಾಸಿನವರಿಗೆ ಇದ್ದಿದ್ದರೆ!

ಕಮಾಂಡು ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಬರೆದರೆ ಜಾತಕ ಹೊರಬರುತ್ತದೆ. ವೈಫೈಗೆ ಒಂದು ಸಾಲು, ಬ್ಲೂಟೂತಿಗೆ ಒಂದು, ಪ್ರತಿಯೊಂದರ ಕೆಳಗೂ ಎರಡೆರಡು ಉತ್ತರ: ಸಾಫ್ಟ್ ಬ್ಲಾಕ್ಡ್ ಹೌದೋ ಅಲ್ಲವೋ, ಹಾರ್ಡ್ ಬ್ಲಾಕ್ಡ್ ಹೌದೋ ಅಲ್ಲವೋ. ಸಾಫ್ಟ್ ಬ್ಲಾಕ್ ಆಗಿದ್ದರೆ ಹೆದರಬೇಕಾಗಿಲ್ಲ, ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಎಂದರೆ ಬಿಡುತ್ತದೆ. ಹಾರ್ಡ್ ಬ್ಲಾಕ್ ಆಗಿದ್ದರೆ ಯಾವ ಕಮಾಂಡಿಗೂ ಜಗ್ಗುವುದಿಲ್ಲ. ಯಂತ್ರದ ಸ್ವಿಚ್ಚನ್ನೇ ಹುಡುಕಿ ಕೈಯಲ್ಲಿ ಸರಿಸಬೇಕು. ಕಾಸರಗೋಡಿನವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನಲ್ಲಿ ತಡೆದು ಪಾಸು ಕೇಳುವುದು ಸಾಫ್ಟ್ ಬ್ಲಾಕ್. 2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಕರ್ನಾಟಕದ ಗಡಿಯ ಒಳರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರಲ್ಲ, ಅದು ಹಾರ್ಡ್ ಬ್ಲಾಕ್.

ಅತ್ತೆಯ ತವರು ಗಡಿಯ ಆಚೆ ಬದಿ, ಕರ್ನಾಟಕದ ವಿಟ್ಲದ ಹತ್ತಿರ. ಆ ದಿನಗಳಲ್ಲೇ ಅತ್ತೆಯ ಅಣ್ಣ ತೀರಿಕೊಂಡರು. ಹೊರಟರೆ ಬಾಯಾರುವ ಮೊದಲೇ ತಲುಪುವಷ್ಟು ಹತ್ತಿರದ ಮನೆ. ಹೋಗಲಾಗಲಿಲ್ಲ. ಇದೇ ಲ್ಯಾಪ್‌ಟಾಪನ್ನು ಚಾವಡಿಯಲ್ಲಿಟ್ಟು ಎಲ್ಲರೂ ವಿಡಿಯೋದಲ್ಲಿ ನೋಡಿದೆವು. ನಡುವೆ ಚಿತ್ರ ಮಸುಕಾಗಿ ನಿಂತುಹೋಯಿತು. ಅತ್ತೆ ಕಣ್ಣು ಒರಸಿಕೊಂಡರು, ಮಾವ ಎದ್ದು ಬಂದು ಬೈರಾಸಿನಿಂದ ಪರದೆ ಒರಸಿದರು. ನಿಂತದ್ದು ನೆಟ್ಟು, ಆದರೆ ಅದನ್ನು ಆಗ ಹೇಳುವವರು ಯಾರು?

ಅಂದು ಹೇಳದ್ದಕ್ಕೆ ಈಗ ಅನುಭವಿಸುತ್ತಿದ್ದೇನೆ.

ಮಾವನ ಒರಸುವಿಕೆಗೆ ಒಂದು ಕ್ರಮ ಉಂಟು. ಮಧ್ಯಾಹ್ನದ ನಿದ್ದೆ, ಕಾಫಿ, ಎಲೆಯಡಿಕೆ ಮುಗಿದ ಮೇಲೆ ಹೆಗಲಿನ ಬೈರಾಸು ಕೈಗೆ ಬರುತ್ತದೆ. ಮೊದಲು ಪರದೆಗೆ “ಹಾ” ಎಂದು ಉಸಿರು ಬಿಡುತ್ತಾರೆ, ಆ ಮಂಜನ್ನು ಒರಸುತ್ತಾರೆ. ಮತ್ತೆ ಕೀಲಿಮಣೆ. ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ, ಅಂಗೈಯನ್ನು ಚೆನ್ನಾಗಿ ಒತ್ತಿ. ಮೇಲಿನ ಸಾಲಿನಲ್ಲಿ ವಿಮಾನದ ಚಿತ್ರ ಇರುವ ಕೀಲಿ ಅಲ್ಲಿ ಅಮುಕಿಹೋಗುತ್ತದೆ, ಸಾಫ್ಟ್ ಬ್ಲಾಕ್ ಆಯಿತು. ಅಷ್ಟಕ್ಕೆ ಬಿಟ್ಟರೆ ಪುಣ್ಯ. ಬೈರಾಸಿನ ಮೂಲೆಯನ್ನು ತೋರುಬೆರಳಿಗೆ ಸುತ್ತಿಕೊಂಡು ಲ್ಯಾಪ್‌ಟಾಪಿನ ನಾಲ್ಕೂ ಅಂಚುಗಳನ್ನು ತಿಕ್ಕುತ್ತಾರೆ. ಎದುರಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡದೊಂದು ಜಾರುವ ಸ್ವಿಚ್ಚು ಉಂಟು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಕಾಣುವುದೇ ಅಪರೂಪ, ನನ್ನದು ಮೈದುನ ಬಳಸಿ ಕೊಟ್ಟ ಹಳೆಯ ಕಾಲದ್ದು. ಬೆರಳು ಅದರ ಮೇಲೆ ಹಾದುಹೋಗುವಾಗ “ಟಿಕ್” ಎನ್ನುತ್ತದೆ. ಹಾರ್ಡ್ ಬ್ಲಾಕ್ ಕೂಡ ಆಯಿತು.

ಮುಚ್ಚಿಟ್ಟು ಹೋಗಬಾರದೇ ಎಂದು ನೀವು ಕೇಳಬಹುದು. ಮುಚ್ಚಿಯೇ ಹೋಗುತ್ತೇನೆ ಮಾರಾಯ್ರೆ, ಅವರು ತೆರೆದು ಒರಸುತ್ತಾರೆ. ಮುಚ್ಚಳ ತೆರೆದರೆ ಅದು ಎಚ್ಚರವಾಗುತ್ತದೆ, ನಾನು ಬಿಟ್ಟುಹೋದ ಕಡತ ಎದುರಿಗೆ ನಿಲ್ಲುತ್ತದೆ. ಕಳೆದ ಪರೀಕ್ಷೆಯ ಸಮಯ ಆರನೇ ಕ್ಲಾಸಿನ ಒಬ್ಬ ಹುಡುಗನಿಗೆ ಗಣಿತದಲ್ಲಿ ‘ಕಕಕಕಕ್;;;;ಲಲಲ’ ಅಂಕ ಬಂದಿತ್ತು.

ನಿನ್ನೆ ಗಡಿಯಾರ ನೋಡುತ್ತಾ ಕೇಳಿದೆ. ಸೊಸೆಯಾದವಳು ನೇರ ಕೇಳುವ ಹಾಗಿಲ್ಲವಲ್ಲ, ಹಾಗಾಗಿ ಗೋಡೆಯನ್ನು ನೋಡಿ ಕೇಳಿದೆ: “ಮಾವ, ಇದರ ಆರಾರು ಮುಟ್ಟಿದ್ದವೋ?”

“ಆನು ಮುಟ್ಟಿದ್ದಿಲ್ಲೆ” ಎಂದರು ಮಾವ, ಅತ್ಯಂತ ಪ್ರಾಮಾಣಿಕವಾಗಿ. “ಉದ್ದಿದ್ದು ಮಾಂತ್ರ.” ನಮ್ಮ ಮನೆಮಾತಿನಲ್ಲಿ ಉದ್ದುವುದೆಂದರೆ ಒರಸುವುದು.

ಇದಕ್ಕೆ ಉತ್ತರ ಎಲ್ಲಿಂದ ತರುವುದು? ಅಡಿಕೆ ಸುಲಿಯುವ ಮನೆಯಲ್ಲಿ ಧೂಳಿಲ್ಲ ಎಂದು ವಾದಿಸುವ ಹಾಗೂ ಇಲ್ಲ. ಅತ್ತೆ ಬೇರೆ ಅಡುಗೆಮನೆಯಿಂದ ಒಗ್ಗರಣೆ ಹಾಕಿದರು, “ಪಾಪ, ನಿನ್ನ ವಸ್ತು ಹೇಳಿ ಎಷ್ಟು ಜಾಗ್ರತೆ ಅವಕ್ಕೆ!” ಸ್ವಿಚ್ಚು ಸರಿಸಿ, ಕಮಾಂಡು ಬರೆದು, ವಿಮಾನವನ್ನು ಇಳಿಸುವಷ್ಟರಲ್ಲಿ ಐದು ದಾಟಿತ್ತು. ಕೇರಳದ ಎಲ್ಲ ಟೀಚರುಗಳೂ ಆಗಲೇ ಆ ಸೈಟಿಗೆ ನುಗ್ಗಿದ್ದರೋ ಏನೋ, ಅದು ತೆರೆಯಲೂ ಇಲ್ಲ.

ಉಪಾಯ ಮಾಡಲಿಲ್ಲ ಎಂದಲ್ಲ. ಲಾಗಿನ್ ಆದ ಕೂಡಲೇ ಅನ್‌ಬ್ಲಾಕ್ ಆಗುವ ಹಾಗೆ ಮೈದುನ ಏನೋ ಬರೆದು ಕೊಟ್ಟಿದ್ದಾನೆ. ಅದು ಸಾಫ್ಟ್ ಬ್ಲಾಕಿಗೆ ಸಾಕು. ಜಾರುವ ಸ್ವಿಚ್ಚಿಗೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು ಬಿಗಿದು ಅಂಟಿಸಿದ್ದೆ. ಶಾಲೆಯಿಂದ ಬರುವಾಗ ಟೇಪು ಇರಲಿಲ್ಲ. “ಎಂತದೋ ಕಪ್ಪು ಹಿಡುದಿತ್ತು, ಕಿತ್ತೆ” ಎಂದರು. ಟೇಪಿನ ಅಂಟು ಉಳಿದಿತ್ತಂತೆ. ಅದನ್ನು ತೆಗೆಯಲು ತೆಂಗಿನೆಣ್ಣೆ ಹಚ್ಚಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಮತ್ತೆ ಒರಸಿದ್ದಾರೆ. ಎಣ್ಣೆ ಒಳಗೆ ಇಳಿದು ಈಗ ಆ ಸ್ವಿಚ್ಚು ಎಷ್ಟು ಸಲೀಸಾಗಿದೆ ಎಂದರೆ, ಲ್ಯಾಪ್‌ಟಾಪನ್ನು ಸ್ವಲ್ಪ ಓರೆ ಹಿಡಿದರೂ ಅದಾಗಿಯೇ ಜಾರುತ್ತದೆ. ಟೇಪು ಅದರ ಮೇಲೆ ಇನ್ನು ಹಿಡಿಯುವುದೂ ಇಲ್ಲ.

ಇವತ್ತು ಕೊನೆಗೆ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಶಾಲೆಗೆ ಹೋದೆ. ಕೀ ನನ್ನ ಬ್ಯಾಗಿನಲ್ಲೇ ಇತ್ತು. ಸಂಜೆ ಮನೆಗೆ ಬರುವಾಗ ಮಾವ ಚಾವಡಿಯಲ್ಲಿ ಕುರ್ಚಿಯ ಮೇಲೆ ನಿಂತು, ಗೋಡೆಗೆ ಹೊಡೆದ ವೈಫೈ ಮೋಡೆಮ್ಮನ್ನು ಕನ್ನಡಕ ಹಾಕಿ ಪರೀಕ್ಷಿಸುತ್ತಿದ್ದರು. ಬೈರಾಸು ಹೆಗಲಲ್ಲೇ ಇತ್ತು, ಕೈಯಲ್ಲಿ ಹಿಡಿಸೂಡಿಯ ಒಂದು ಕಡ್ಡಿ.

“ಇದರ ಹಿಂದೆ ಒಂದು ಸಣ್ಣ ಒಟ್ಟೆ ಇದ್ದು ಕೂಸೇ” ಎಂದರು, ಒಳಗೆ ರೀಸೆಟ್ ಬಟನ್ ಇರುವ ತೂತನ್ನು ತೋರಿಸುತ್ತಾ. “ಅದರೊಳ ಪೂರಾ ಧೂಳು.”