ಫಾಂಟ್ ಬದಲಿಸಿ, ದೇಶ ಉಳಿಸಿ

ಅಮೆರಿಕದ ವಿದೇಶಾಂಗ ಇಲಾಖೆಗೆ ದುಂದುವೆಚ್ಚದ ಬೇರು ಕಡೆಗೂ ಸಿಕ್ಕಿದೆ. ಅದರ ಹೆಸರು ಕ್ಯಾಲಿಬ್ರಿ. 2023ರಲ್ಲಿ ಆಗಿನ ವಿದೇಶಾಂಗ ಮಂತ್ರಿ ಬ್ಲಿಂಕೆನ್ ಸಾಹೇಬರು, ದೃಷ್ಟಿ ಮಂದ ಇದ್ದವರಿಗೂ ಓದಲು ಸಲೀಸಾಗಲಿ ಎಂದು ಆ ಫಾಂಟ್ ತಂದಿದ್ದರು. 2025ರ ಡಿಸೆಂಬರಿನಲ್ಲಿ ಅವರ ನಂತರ ಆ ಕುರ್ಚಿಗೆ ಬಂದ ರೂಬಿಯೊ ಸಾಹೇಬರು ಅದೊಂದು ದಂಡದ ಖರ್ಚು ಎಂದು ಟೈಮ್ಸ್ ನ್ಯೂ ರೋಮನ್, 14 ಪಾಯಿಂಟಿಗೆ ಮರಳಿ ಪಟ್ಟ ಕಟ್ಟಿದರು. ಆ ಟೈಮ್ಸ್ ನ್ಯೂ ರೋಮನ್ನಾದರೂ ಹುಟ್ಟಾ ಅರಸನೇನಲ್ಲ. 2004ರಲ್ಲಿ ಕೊರಿಯರ್ ನ್ಯೂ 12ನ್ನು ಕೆಳಗಿಳಿಸಿ ಗದ್ದುಗೆ ಏರಿದ್ದು. ಫಾಂಟ್ ಬದಲಾದಾಗಲೆಲ್ಲ ಪ್ರತಿ ಕಚೇರಿಯ ಟೆಂಪ್ಲೇಟ್ ತಿದ್ದಬೇಕು, ಸುತ್ತೋಲೆ ಹೊರಡಿಸಬೇಕು, ಪುಟ ಒಡೆಯುವ ಜಾಗ ಆಚೀಚೆ ಆಗಿ ಕೋಷ್ಟಕಗಳು ಕುಂಟಬೇಕು. ಈ ಕೂಲಿಯ ಲೆಕ್ಕವನ್ನು ಮಾತ್ರ ಯಾವ ಮಿತವ್ಯಯದ ಆದೇಶವೂ ತನ್ನ ಖಾತೆಗೆ ಬರೆದುಕೊಳ್ಳುವುದಿಲ್ಲ.

ಅಕ್ಷರಕ್ಕೆ ಬಿದ್ದ ಕತ್ತರಿ ಉಪಚಾರಕ್ಕೆ ಬಿದ್ದಿಲ್ಲ, ನೋಡ್ರಿ. ಒಂದು ದೇಶದ ರಾಯಭಾರ ಕಚೇರಿ ಇನ್ನೊಂದು ದೇಶದ ಮಂತ್ರಾಲಯಕ್ಕೆ ಟಿಪ್ಪಣಿ ಬರೆದರೆ ಮೊದಲು ವಂದನೆ ಅರ್ಪಿಸಬೇಕು, ಕೊನೆಗೆ 'ತನ್ನ ಅತ್ಯುನ್ನತ ಗೌರವದ ಭರವಸೆಯನ್ನು ಈ ಸಂದರ್ಭದಲ್ಲಿ ಮತ್ತೊಮ್ಮೆ ತಿಳಿಸಬಯಸುತ್ತದೆ' ಎಂದು ಮುಗಿಸಬೇಕು. ನಡುವೆ ಇರುವುದು 'ನಿಮ್ಮ ಇಬ್ಬರು ಅಧಿಕಾರಿಗಳು ಗಂಟುಮೂಟೆ ಕಟ್ಟಲಿ' ಎಂಬ ಒಂದೇ ಸಾಲು. ಬೈಗುಳಕ್ಕೆ ಒಂದು ಸಾಲು, ಮುಜರೆಗೆ ನಾಲ್ಕು.

ನಮ್ಮ ಕಡೆಯವರು ನಗುವ ಹಾಗಿಲ್ಲ. ಕಲಬುರಗಿಯ ಕಚೇರಿಯೊಂದರಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕರ್ನಾಟಕ' ಎಂಬಲ್ಲಿ ಒಂದಿಷ್ಟು ಇಂಗ್ಲಿಷ್ ಅಕ್ಷರ, ನಡುವೆ ಒಂದು ಪೌಂಡ್ ಚಿಹ್ನೆ. ಹಳೆಯ ನುಡಿಯಲ್ಲಿ 'ನ' ಕಾರ ಕೂತಿರುವುದೇ ಪೌಂಡಿನ ಮನೆಯಲ್ಲಿ. ಆಗ ತಾಲ್ಲೂಕು ಕಚೇರಿಯಿಂದ ಫೋನು: 'ಸರ್ರ, ಅಕ್ಷರ ಒಡ್ಕೊಂಡು ಬಂದಾವ್ರಿ, ಪಿಡಿಎಫ್ ಹಾಕ್ರಿ.' ಪಿಡಿಎಫ್ ಹಾಕಿದರೆ ಸಹಿ ಇಲ್ಲ. ಪ್ರಿಂಟ್ ತೆಗೆದು, ಸಹಿ ಮಾಡಿಸಿ, ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಹಾಕಿದರೆ ಅಲ್ಲಿ ಅದನ್ನು ಮತ್ತೆ ಪ್ರಿಂಟ್ ಹೊಡೆದು ಆವಕ ನಂಬರ್ ಹಾಕುತ್ತಾರೆ. ಕಾಗದರಹಿತ ಆಡಳಿತದಲ್ಲಿ ಒಂದು ಕಾಗದ ಎರಡಾಯಿತು. ಕೊನೆಗೆ 'ಮೂಲ ಪ್ರತಿಯನ್ನು ಮುದ್ದಾಂ ಮೂಲಕ ಸಲ್ಲಿಸತಕ್ಕದ್ದು' ಎಂಬ ಸಾಲು ಇದ್ದೇ ಇರುತ್ತದೆ. ಆ ಮುದ್ದಾಂ ಮನುಷ್ಯ ಚೀಲ ತೊಡೆಯ ಮೇಲಿಟ್ಟುಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಾನೆ. ದೇಶದೇಶಗಳ ನಡುವೆ ಇದೇ ಕೆಲಸ ಮಾಡುವವನಿಗೆ ರಾಜತಾಂತ್ರಿಕ ಕೊರಿಯರ್ ಎನ್ನುತ್ತಾರೆ. 1961ರ ವಿಯೆನ್ನಾ ಒಪ್ಪಂದದ 27ನೇ ವಿಧಿಯ ಪ್ರಕಾರ ಅವನ ಚೀಲವನ್ನು ಯಾರೂ ತೆರೆಯುವಂತಿಲ್ಲ, ತಡೆಯುವಂತಿಲ್ಲ. ನಮ್ಮವನ ಚೀಲವನ್ನು ಕಂಡಕ್ಟರ್ 'ಮ್ಯಾಲ ಇಡು' ಅನ್ನುತ್ತಾನೆ.

ರೊಕ್ಕ ಉಳಿಸುವ ಈ ಚಪಲ ಹಳೆಯದು. 1866ರಲ್ಲಿ ಅಟ್ಲಾಂಟಿಕ್ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಶುರುವಾದಾಗ ಇಪ್ಪತ್ತು ಪದಕ್ಕೆ 20 ಪೌಂಡ್, ಗುಪ್ತಲಿಪಿಗೆ ದುಪ್ಪಟ್ಟು. ದರ ಅರ್ಧಕ್ಕಿಳಿದದ್ದೇ ತಡ, ಆ ನವೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಸೀವರ್ಡ್, ಮೆಕ್ಸಿಕೊದಲ್ಲಿದ್ದ ಫ್ರೆಂಚ್ ಪಡೆಗಳ ವಿಷಯವಾಗಿ ಪ್ಯಾರಿಸ್ಸಿಗೆ ಒಂದು ಉದ್ದನೆಯ ಗುಪ್ತ ತಂತಿ ಕೊಟ್ಟರು. ಬಳಸಿದ್ದು 1803ರ ಕಾಲದ ಸಂಕೇತ ಪುಸ್ತಕ. ಅದು ಕುದುರೆ ಮೇಲೆ, ಹಡಗಿನ ಮೇಲೆ ಹೋಗುವ ಕಾಗದಕ್ಕೆ ಮಾಡಿದ್ದು: ಪದಕ್ಕೊಂದು ಅಂಕಿ, ಪುಸ್ತಕದಲ್ಲಿ ಇಲ್ಲದ ಪದವಾದರೆ ತುಂಡು ತುಂಡಾಗಿ ಮೂರು ನಾಲ್ಕು ಅಂಕಿ. ಕುದುರೆಗೆ ಅಂಕಿಯ ಭಾರ ಗೊತ್ತಾಗುವುದಿಲ್ಲ. ತಂತಿ ಕಂಪನಿ ಎಣಿಸಿ ಬಿಲ್ ಮಾಡಿತು: 19,540 ಡಾಲರ್ 50 ಸೆಂಟ್. ಮಂತ್ರಿಯ ವರ್ಷದ ಸಂಬಳ 8,000 ಡಾಲರ್ ಇದ್ದ ಕಾಲ. ಇಲಾಖೆ ಕೊಡಲ್ಲ ಎಂದು ಕೂತಿತು, ಕಂಪನಿ ಕೋರ್ಟಿಗೆ ಹೋಯಿತು, 1871ರಲ್ಲಿ ತೀರ್ಪು ಕಂಪನಿಯ ಕಡೆಗೆ ಬಂತು.

ಆ ಬಿಲ್ಲಿನಿಂದ ಪಾಠ ಕಲಿತ ಇಲಾಖೆ, ತೀರ್ಪಿಗೂ ಮೊದಲು, 1867ರಲ್ಲೇ ಮಿತವ್ಯಯದ ಹೊಸ ಸಂಕೇತ ತಂದಿತ್ತು. ಪದೇಪದೇ ಬರುವ ಪದಗಳಿಗೆ ಒಂದೇ ಅಕ್ಷರ, ಉಳಿದವಕ್ಕೆ ಎರಡು, ಮೂರು, ಹೀಗೆ. ಕಾಗದದ ಮೇಲೆ ಭಾಳ ಚಂದ. ಆದರೆ ತಂತಿ ಕಚೇರಿಯ ಗುಮಾಸ್ತ ಬಿಡಿ ಅಕ್ಷರಗಳ ನಡುವಿನ ಜಾಗ ನುಂಗಿ ಒಂದಕ್ಕೊಂದು ಸೇರಿಸಿ ಬರೆದುಬಿಟ್ಟರೆ ಎಲ್ಲಿ ಒಡೆದು ಓದಬೇಕು? ಸಂಕೇತಗಳ ಉದ್ದ ಒಂದೇ ಸಮ ಇದ್ದರೆ ಅಂಟಿ ಬಂದರೂ ಎಣಿಸಿ ಬಿಡಿಸಬಹುದು. ಇಲ್ಲಿ ಅದೂ ಇಲ್ಲ. ಶತ್ರುವಿಗೂ ತಿಳಿಯದು, ಮಿತ್ರನಿಗೂ ತಿಳಿಯದು. ಅದನ್ನೂ 1876ರಲ್ಲಿ ಬದಿಗಿಟ್ಟು ಬೇರೆ ಪುಸ್ತಕ ಮಾಡಿಸಿದರು.

ಜರ್ಮನಿ ಇನ್ನೂ ಜಾಣ. 1917ರ ಜನವರಿಯಲ್ಲಿ ಅಮೆರಿಕದ ವಿರುದ್ಧ ಮೆಕ್ಸಿಕೊವನ್ನು ಎತ್ತಿಕಟ್ಟುವ ಗುಪ್ತ ಸಂದೇಶವನ್ನು ಅಮೆರಿಕದ್ದೇ ರಾಯಭಾರ ತಂತಿಯ ಮೇಲೆ ಬಿಟ್ಟಿಯಾಗಿ ಕಳಿಸಿತು. ಆ ತಂತಿ ಲಂಡನ್ ಹಾದು ಹೋಗುತ್ತಿತ್ತು, ಅಲ್ಲಿ ಬ್ರಿಟಿಷರು ಕಿವಿ ಇಟ್ಟಿದ್ದರು. ಆ ಉಳಿತಾಯದ ಬಡ್ಡಿಯನ್ನು ಜರ್ಮನಿ ಯುದ್ಧದಲ್ಲಿ ಕಟ್ಟಿತು.

ಪತ್ರದಲ್ಲಿ ದುಬಾರಿಯಾದದ್ದು ಮಸಿಯಲ್ಲ, ಮೊಹರು ಎಂದು ತಿಳಿಯಲು ವಾಷಿಂಗ್ಟನ್ನಿಗೆ ಹೋಗಬೇಕಿಲ್ಲ. ಬೀದರಿನ ಮದರಸಾದ ಮುಂದೆ ಸೆಲ್ಫಿ ತೆಗೆಯುವವರು ಅದನ್ನು ಕಟ್ಟಿಸಿದವನನ್ನು ನೆನೆದರೆ ಸಾಕು. ಬಹಮನಿ ದಿವಾನ ಮಹಮೂದ್ ಗಾವಾನ್ ಆಟೋಮನ್ ಸುಲ್ತಾನನವರೆಗೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದವನು, ಪತ್ರ ಬರೆಯುವ ಕಲೆಯ ಮೇಲೆ ಪುಸ್ತಕವನ್ನೇ ಬರೆದವನು. ಅವನ ತಲೆ ಹೋದದ್ದು ಅವನು ಬರೆಯದ ಒಂದು ಪತ್ರಕ್ಕೆ. ಆಗದವರು ಅವನ ಮೊಹರು ಇಟ್ಟುಕೊಂಡಿದ್ದವನನ್ನು ಒಲಿಸಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ 'ದಂಡೆತ್ತಿ ಬಾ' ಎಂದು ಬರೆದು ಸುಲ್ತಾನನ ಮುಂದಿಟ್ಟರು. 1481ರ ಏಪ್ರಿಲ್ 5ರಂದು ಗಾವಾನ್ ಇಲ್ಲವಾದ, ರಾಜ್ಯವೂ ಬಹಳ ದಿನ ಬಾಳಲಿಲ್ಲ. ಹೈದರಾಬಾದ್ ಸಂಸ್ಥಾನದ್ದೂ ಅದೇ ಹಣೆಬರಹ: 1948ರ ಸೆಪ್ಟೆಂಬರ್ 20ರಂದು ಅದರ ಕಡೆಯವರು ಲಂಡನ್ ಬ್ಯಾಂಕಿನಲ್ಲಿದ್ದ 10 ಲಕ್ಷ ಪೌಂಡಿಗೂ ಮೇಲಿನ ಹಣವನ್ನು ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹಾಕಿಸಿದರು, ಇದಕ್ಕೆ ನನ್ನ ಒಪ್ಪಿಗೆ ಇರಲಿಲ್ಲ ಎಂದ ನಿಜಾಮ. ತೀರ್ಪು ಬಂದದ್ದು 2019ರಲ್ಲಿ.

ಇಷ್ಟೆಲ್ಲ ನಕ್ಕದ್ದಾಯಿತು. ಈಗ ಬೀದರ್, ಕಲಬುರಗಿಯಿಂದ ಸೌದಿಗೆ ದುಡಿಯಲು ಹೋದವನು ಅಲ್ಲೇ ತೀರಿಕೊಂಡರೆ ಏನಾಗುತ್ತದೆ ನೋಡಿ. ಆಸ್ಪತ್ರೆಯ ವರದಿ ಬೇಕು, ಅನುಮಾನ ಇದ್ದರೆ ಪೊಲೀಸ್ ವರದಿ ಬೇಕು, ಕಫೀಲ, ಎಂದರೆ ಕೆಲಸಕ್ಕಿಟ್ಟುಕೊಂಡ ಧಣಿ, ಅಥವಾ ಕಂಪನಿಯವನು ಓಡಾಡಬೇಕು. ಇಲ್ಲಿಂದ ವಾರಸುದಾರರ ಒಪ್ಪಿಗೆ ಮತ್ತು ಮುಖ್ತಾರುನಾಮೆ (ಪವರ್ ಆಫ್ ಅಟಾರ್ನಿ) ನೋಟರಿಯಾಗಿ ಹೋಗಬೇಕು. ಅದಾದ ಮೇಲೆ ರಾಯಭಾರ ಕಚೇರಿ ಪಾಸ್‌ಪೋರ್ಟ್ ರದ್ದು ಮಾಡಿ ನಿರಾಕ್ಷೇಪಣಾ ಪತ್ರ ಕೊಡಬೇಕು. ಹೆಣ ಕೆಡದಂತೆ ಮಾಡಿದ ಪ್ರಮಾಣಪತ್ರ, ಕಾರ್ಗೋ ಬುಕಿಂಗ್, ಹೈದರಾಬಾದಿನಿಂದ ಆಂಬುಲೆನ್ಸ್ ಅದರ ಮುಂದಿನ ಮಾತು. ಪಾಸ್‌ಪೋರ್ಟಿನಲ್ಲಿ 'ಶರಣಪ್ಪ', ಆಧಾರದಲ್ಲಿ 'ಶಿವಶರಣಪ್ಪ' ಇದ್ದರೆ ಮುಖ್ತಾರುನಾಮೆ ವಾಪಸ್. ತಿದ್ದಿ ಕಳಿಸಿದರೆ, ಪಾಸ್‌ಪೋರ್ಟ್ ನಂಬರ್ ಬರೆದಿಲ್ಲ ಎಂದು ಮತ್ತೆ ವಾಪಸ್. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ, ನಮ್ಮಲ್ಲಿ ಭಾನುವಾರ. ಎರಡನೇ, ನಾಲ್ಕನೇ ಶನಿವಾರವೂ ಕಚೇರಿ ಇಲ್ಲ. ಎರಡೂ ಕಡೆ ಕಚೇರಿ ತೆರೆದಿರುವುದು ಸೋಮವಾರದಿಂದ ಗುರುವಾರದವರೆಗೆ, ನಾಲ್ಕೇ ದಿನ. ಗುರುವಾರ ಸಂಜೆ ಒಂದು ಆಕ್ಷೇಪಣೆ ಬಂತೆಂದರೆ ಹೆಣ ಮುಂದಿನ ವಾರದವರೆಗೆ ಶವಾಗಾರದಲ್ಲಿ. ಮನೆಯಲ್ಲಿ ಹೆಂಡತಿ, ತಾಯಿ ಫೋನ್ ಹಿಡಿದು ಕೂತಿರುತ್ತಾರೆ. ದೂರು ಕೊಡಲು 2015ರಿಂದ ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ. ಅದು ಕೊಡುವುದು ಒಂದು ನೋಂದಣಿ ಸಂಖ್ಯೆ.

ಇದು ಬಡತನದ ಸಮಸ್ಯೆಯಲ್ಲ, ತಂತ್ರಜ್ಞಾನದ್ದೂ ಅಲ್ಲ. ಒಂದೊಂದೇ ತಪ್ಪು ಹೇಳಿ ಒಂದೊಂದೇ ಸಲ ವಾಪಸ್ ಕಳಿಸುವ ಸೊಕ್ಕು ಅಷ್ಟೇ. ಇರುವ ಎಲ್ಲ ಕೊರತೆಯನ್ನೂ ಮೊದಲ ಪತ್ರದಲ್ಲೇ ಬರೆಯಿರಿ. ಮುಖ್ತಾರುನಾಮೆಯ ತುಂಬಿದ ನಮೂನೆಯೊಂದನ್ನು, ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಬೇಕೆಂಬ ಸೂಚನೆ ಸಮೇತ, ಜಿಲ್ಲಾಧಿಕಾರಿ ಕಚೇರಿಯ ಗೋಡೆಗೆ ಕನ್ನಡದಲ್ಲೂ ಉರ್ದುವಿನಲ್ಲೂ ಅಂಟಿಸಿರಿ. ಹೆಣವೊಂದಕ್ಕೆ ಎರಡು ಮೂರು ಪತ್ರ ಉಳಿದಾವು. ಇದಕ್ಕೆ ಸಮಿತಿ ಬೇಕಿಲ್ಲ. ಬೇಕೇ ಬೇಕು ಅಂದರೆ ಮಾಡಿಕೊಳ್ಳಿ, ವರದಿ ಮಾತ್ರ ಮೂರು ಪ್ರತಿಗಳಲ್ಲಿ ಮುದ್ದಾಂ ಮೂಲಕ ಬರಲಿ.