ಬ್ಯಾಟರಿಗೆ ನೀರು ಹಾಕುವವರು ಯಾರು?

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಬರೆಯದೆ ಸಮಾಧಾನ ಆಗಲ್ಲ.

ಇಂಡಿ ಕಡೆ ಒಂದು ತೋಟದ ಮನೆಗೆ ಇನ್ವರ್ಟರ್ ರಿಪೇರಿಗೆ ಹೋಗಿದ್ದೆ. ನನ್ನ ಅಂಗಡಿ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಪಕ್ಕದಲ್ಲೇ ಸರ್ಕಾರಿ ಶಾಲೆ. ಮಾಳಿಗೆ ಮೇಲೆ ಸೋಲಾರ್ ಪ್ಲೇಟು ಕಂಡು ಖುಷಿಯಿಂದ ಒಳಗೆ ಹೋದೆ.

ಕಂಪ್ಯೂಟರ್ ಕೋಣೆಗೆ ಕೀಲಿ ಹಾಕಿತ್ತು. ಮಾಸ್ತರು ಕೀಲಿಕೈ ಹುಡುಕಿ ತಂದು ತೆಗೆದರು. ಐದು ಕಂಪ್ಯೂಟರ್, ಮೇಲೆ ಹಳೇ ಬೆಡ್‌ಶೀಟ್. ಮೂಲೆಯಲ್ಲಿ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ. ಟರ್ಮಿನಲ್ ಮೇಲೆ ಹಸಿರು ಉಪ್ಪು ಎದ್ದಿತ್ತು. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟೆ. ಒಳಗೆ ಒಣಗಿ ನಿಂತಿದೆ. ಮೀಟರ್ ಹಿಡಿದರೆ ಹನ್ನೆರಡು ವೋಲ್ಟ್ ಇರಬೇಕಾದಲ್ಲಿ ಎಂಟು.

"ನೀರು ಯಾವಾಗ ಹಾಕಿದ್ರಿ ಸರ್?" ಅಂದೆ.

"ಇದಕ್ಕ ನೀರು ಹಾಕಬೇಕಂತ ನಮಗ ಯಾರೂ ಹೇಳೇ ಇಲ್ರಿ."

ಸೋಲಾರ್ ಪ್ಲೇಟು ಇಪ್ಪತ್ತೈದು ವರ್ಷ ಬಾಳುತ್ತದೆ. ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ಐದು ವರ್ಷ. ನೋಡಿಕೊಳ್ಳುವುದು ಅಂದರೆ ಎರಡು ಮೂರು ತಿಂಗಳಿಗೊಮ್ಮೆ ಒಂದಿಷ್ಟು ಡಿಸ್ಟಿಲ್ಡ್ ವಾಟರ್, ಅಷ್ಟೇ. ಇಡೀ ಶಾಲೆಯ ಕಂಪ್ಯೂಟರ್ ಅಷ್ಟಕ್ಕೇ ನಿಂತುಹೋಗಿದೆ!

ಹೊರಗೆ ಬಂದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ತೋರಿಸಿದಳು. ಎರಡು ಹಾಳೆ ತುಂಬ ಪೆನ್ಸಿಲ್‌ನಲ್ಲಿ ಕೀಬೋರ್ಡ್ ಬರೆದಿದ್ದಾಳೆ. ಒಂದು ಅಕ್ಷರವೂ ಜಾಗ ತಪ್ಪಿಲ್ಲ. "ಇದರ ಮ್ಯಾಲೆ ರೂಢಿ ಮಾಡ್ತೀನ್ರಿ" ಅಂತ ಹಾಳೆ ಮೇಲೆ ತನ್ನ ಹೆಸರು ಟೈಪ್ ಮಾಡಿ ತೋರಿಸಿದಳು. ಬೆರಳು ಓಡಿದ ಜಾಗದಲ್ಲಿ ಪೆನ್ಸಿಲ್ ಗೆರೆ ಮಾಸಿಹೋಗಿತ್ತು. ನನಗೆ ಮಾತೇ ಬರಲಿಲ್ಲ.

ನೀರಿನ ಫಿಲ್ಟರೂ ಅದೇ ಬ್ಯಾಟರಿ ಮೇಲೆ ನಡೆಯಬೇಕಿತ್ತು. ಈಗ ಮಕ್ಕಳು ಬೋರಿನ ನೀರೇ ಕುಡಿಯುತ್ತಿದ್ದಾರೆ. ನಮ್ಮ ಜಿಲ್ಲೆಯ ಎಷ್ಟೋ ಊರಲ್ಲಿ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೂ ಅದು ಹೋಗಲ್ಲ. ಚಿಕ್ಕ ವಯಸ್ಸಲ್ಲಿ ಹಲ್ಲಿಗೆ ಹಿಡಿದ ಕಲೆ ಆಮೇಲೆ ಎಷ್ಟು ಉಜ್ಜಿದರೂ ಬಿಡಲ್ಲ.

ವಿಜಯಪುರದವರು ನಾವು. 1651ರಲ್ಲಿ ಬೇಗಂ ತಲಾಬ್ ಅನ್ನೋ ಕೆರೆ ಕಟ್ಟಿಸಿ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತಂದರು. ಹೂಳು ತಳದಲ್ಲಿ ನಿಲ್ಲಲಿ, ಒತ್ತಡಕ್ಕೆ ಕೊಳವೆ ಒಡೆಯದಿರಲಿ ಅಂತ ದಾರಿಯುದ್ದಕ್ಕೂ ಗಂಜ್, ಅಂದರೆ ನೀರಿನ ಗೋಪುರ ಕಟ್ಟಿದರು. ನೀರು ತಂದವರಿಗೆ ಅದನ್ನು ಉಳಿಸಿಕೊಳ್ಳುವ ಚಿಂತೆಯೂ ಇತ್ತು, ಅಲ್ವಾ?

"2023ರ ರಾಜ್ಯೋತ್ಸವಕ್ಕೆ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಮುಖ್ಯಮಂತ್ರಿ ಘೋಷಿಸಿದ್ದಾರಲ್ಲ, ಇನ್ನು ಸೋಲಾರ್ ಯಾಕೆ?" ಅಂತ ಒಬ್ಬ ಗೆಳೆಯ ಕೇಳಿದ. ಬಿಲ್ಲು ಮಾಫ್ ಆಗಿದ್ದು ಒಳ್ಳೆಯದೇ. ಆದರೆ ಹನ್ನೊಂದಕ್ಕೆ ಕಂಪ್ಯೂಟರ್ ಪೀರಿಯಡ್ ಇದ್ದು, ಹತ್ತೂವರೆಗೆ ಲೈನ್ ಹೋದರೆ ಆ ಉಚಿತದಿಂದ ಏನು ಬಂತು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೌಲಭ್ಯಗಳ ಪಟ್ಟಿ ತೆಗೆದು ನೋಡಿ. ಕುಡಿಯುವ ನೀರಿದೆ, ಶೌಚಾಲಯ ಇದೆ, ಕಾಂಪೌಂಡ್ ಇದೆ. ಕರೆಂಟ್ ಇಲ್ಲ. ದಾನಿಗಳು ಸೋಲಾರ್ ಕೊಡಲಿ, ಇನ್ನೂ ಕೊಡಲಿ. ಜೊತೆಗೆ ಐದು ವರ್ಷ ಬಂದು ನೋಡುವವರನ್ನೂ ಗೊತ್ತು ಮಾಡಲಿ.

ಒಂದು ಮಾತು ಮುಚ್ಚಿಡಬಾರದು. ಏಳೆಂಟು ವರ್ಷದ ಹಿಂದೆ ಇಂಥದ್ದೇ ಒಂದು ಶಾಲೆಗೆ ನಾನೇ ಬ್ಯಾಟರಿ ಕೂರಿಸಿದ್ದೆ. ಫೋಟೋಕ್ಕೆ ನಿಂತು, ದುಡ್ಡು ತಗೊಂಡು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಯಾರಿಗೂ ನೀರು ಹಾಕುವುದನ್ನು ಹೇಳಿಕೊಡಲಿಲ್ಲ. ಇವತ್ತು ಆ ಮಾಸ್ತರ ಮುಖ ನೋಡುವಾಗ ಅದೇ ನೆನಪಾಗುತ್ತಿತ್ತು.

ಶನಿವಾರ ಮುಂಜಾನೆ ಶಾಲೆ. ನಾಲ್ಕು ಬ್ಯಾಟರಿ ಹಾಕಿಕೊಂಡು ಹೋಗುತ್ತಿದ್ದೇನೆ. ನೀರು ಹಾಕುವುದನ್ನು ಈ ಸಲ ಬಿಸಿಯೂಟದ ಅಕ್ಕನಿಗೆ ಹೇಳಿಕೊಡುತ್ತೇನೆ. ಮಾಸ್ತರಿಗೆ ವರ್ಗ ಆಗುತ್ತದೆ, ಅಕ್ಕ ಅದೇ ಊರಿನವರು. ಅಲ್ಲಿಂದ ನಾನು ಬ್ಯಾಟರಿ ಕೂರಿಸಿದ್ದ ಆ ಹಳೇ ಶಾಲೆಗೂ ಹೋಗುತ್ತೇನೆ. ಯಾರಾದರೂ ಬರುವುದಿದ್ದರೆ ಫೋನ್ ಮಾಡಿ, ಗಾಡಿಯಲ್ಲಿ ಇಬ್ಬರಿಗೆ ಜಾಗ ಇದೆ.