ಜೈಸಲ್ಮೇರ್ ಕೋಟೆಯಿಂದ ಜನರನ್ನು ತೆರವುಗೊಳಿಸಬೇಕೇ?

ಭಾಟಿ ರಜಪೂತರ ರಾವಲ್ ಜೈಸಲ 1156ರಲ್ಲಿ ಲೋದ್ರವಾದಲ್ಲಿದ್ದ ರಾಜಧಾನಿಯನ್ನು ತ್ರಿಕೂಟ ಬೆಟ್ಟದ ಮೇಲಕ್ಕೆ ತಂದು ಕಟ್ಟಿಸಿದ ಕೋಟೆಯಲ್ಲಿ ಇಂದಿಗೂ ಸುಮಾರು ಮೂರು ಸಾವಿರ ಜನ ವಾಸವಾಗಿದ್ದಾರೆ. 1949ರಲ್ಲಿ ಸಂಸ್ಥಾನ ರಾಜಸ್ಥಾನದಲ್ಲಿ ವಿಲೀನವಾಯಿತು, ಕಾಲಾನಂತರ ಅರಮನೆ ವಸ್ತುಸಂಗ್ರಹಾಲಯವಾಯಿತು. ಮಹಾರಾವಲರ, ಅಂದರೆ ಇಲ್ಲಿನ ಅರಸರ, ಸೇವೆಯಲ್ಲಿದ್ದವರ ಮನೆಗಳು ಮಾತ್ರ ಮನೆಗಳಾಗಿಯೇ ಉಳಿದವು. 2013ರಲ್ಲಿ ಯುನೆಸ್ಕೊ ಈ ಕೋಟೆಯನ್ನು ರಾಜಸ್ಥಾನದ ಇತರ ಐದು ಗಿರಿದುರ್ಗಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯ ಉಳಿವಿಗಾಗಿ ಈ ಮನೆಗಳನ್ನು ತೆರವುಗೊಳಿಸಬೇಕೇ ಎಂಬ ಚರ್ಚೆ ಅದಕ್ಕೂ ಮೊದಲಿನದು.

ಪರ: ಈ ಬೆಟ್ಟಕ್ಕೆ ನೀರು ತಾಳದು

ದೂರದಿಂದ ತ್ರಿಕೂಟ ಒಂದೇ ಹೆಬ್ಬಂಡೆಯಂತೆ ಕಾಣುತ್ತದೆಯಾದರೂ ಅದು ಮರಳುಗಲ್ಲು ಮತ್ತು ಜೇಡಿಮಣ್ಣಿನ ಪದರಗಳು ಒಂದರ ಮೇಲೊಂದು ಕುಳಿತ ದುರ್ಬಲ ಗುಡ್ಡ. ಸುಮಾರು 76 ಮೀಟರ್ ಎತ್ತರದ ಆ ಗುಡ್ಡ ಜಾರದಂತೆ ಅದರ ಇಳಿಜಾರಿಗೆ ಒತ್ತಾಗಿ ತಡೆಗೋಡೆ ಕಟ್ಟಿ, ಮೇಲೆ 99 ಬುರುಜುಗಳ ಕೋಟೆಯನ್ನು ನಿಲ್ಲಿಸಿದ್ದಾರೆ. ಗೋಡೆಯ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ಕೂರಿಸಲಾಗಿದೆ. ವರ್ಷಕ್ಕೆ ಇನ್ನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಕಟ್ಟಿದವರ ಲೆಕ್ಕ ಸರಿಯಾಗಿಯೇ ಇತ್ತು. ಬೆಟ್ಟದ ಒಡಲಿಗೆ ನೀರು ಇಳಿಯದಿದ್ದರೆ ಸಾಕಿತ್ತು.

ಅಂದಿನ ಜೀವನಕ್ರಮದಲ್ಲಿ ನೀರು ಇಳಿಯುವ ಪ್ರಶ್ನೆಯೇ ಇರಲಿಲ್ಲ. 14ನೇ ಶತಮಾನದ ಗಡೀಸರ್ ಕೆರೆಯಿಂದ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು, ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಬಾಗಿಲುಗಳ ಏರನ್ನು ಹತ್ತಿ ತಂದ ನೀರನ್ನು ಯಾರೂ ಧಾರಾಳವಾಗಿ ಚೆಲ್ಲುತ್ತಿರಲಿಲ್ಲ. ಚೆಲ್ಲಿದ ಅಲ್ಪಸ್ವಲ್ಪ ನೀರೂ ತೆರೆದ ಚರಂಡಿಯಲ್ಲಿ ಹರಿದು ಬಿಸಿಲಿಗೆ ಆರಿಹೋಗುತ್ತಿತ್ತು. ನಲ್ಲಿ ಬಂದ ಮೇಲೆ ಆ ಲೆಕ್ಕ ತಪ್ಪಿತು. ಪ್ರವಾಸೋದ್ಯಮ ಬೆಳೆದ ಮೇಲಂತೂ ಹಳೆಯ ಮನೆಗಳು ಹೋಟೆಲುಗಳಾಗಿ, ಕೋಣೆಗೊಂದು ಬಚ್ಚಲು, ಫ್ಲಶ್ ಇರುವ ಕಕ್ಕಸು ಬಂದವು. ಗಲ್ಲಿಗಳಲ್ಲಿ ಅದರ ಗುರುತು ಕಾಣಲು ಎಂಜಿನಿಯರೇ ಆಗಬೇಕಾಗಿಲ್ಲ: ಹಳದಿ ಕಲ್ಲಿನ ಗೋಡೆಗೆ ಮೊಳೆ ಹೊಡೆದು ಕಟ್ಟಿದ ಪ್ಲಾಸ್ಟಿಕ್ ಪೈಪು, ಅದರ ಜೋಡಣೆಯ ಕೆಳಗೆ ಒದ್ದೆಯ ಕಪ್ಪು ಕಲೆ, ಕಲೆಯ ಅಂಚಿನಲ್ಲಿ ಬೆರಳಿಟ್ಟರೆ ಪುಡಿಯಾಗಿ ಉದುರುವ ಬಿಳಿ ಉಪ್ಪು.

ಹೀಗೆ ಇಂಗಿದ ನೀರಿನಿಂದ ಜೇಡಿಮಣ್ಣು ಉಬ್ಬಿ, ಮೆತ್ತಗಾಗಿ, ತಡೆಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಹಳೆಯ ಬುರುಜುಗಳು ಕುಸಿದಿವೆ, ರಾಣಿಯ ಮಹಲಿನ ಒಂದು ಭಾಗ ಬಿದ್ದು ಅದನ್ನು ಮರಳಿ ಕಟ್ಟಬೇಕಾಯಿತು. 1990ರ ದಶಕದಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. 2024ರ ಆಗಸ್ಟ್‌ನ ಮಳೆಯಲ್ಲಿ ಗೋಡೆಯ ಇನ್ನೊಂದು ಭಾಗ ಉರುಳಿತು.

ಚರಂಡಿ ಸರಿಪಡಿಸಿದರೆ ಸಾಕೆಂಬ ವಾದವನ್ನು ಮೂರು ದಶಕಗಳಿಂದ ಕೇಳುತ್ತಿದ್ದೇವೆ. ದುರಸ್ತಿಯೂ ನಡೆದಿದೆ, ಸೋರಿಕೆಯೂ ನಡೆದಿದೆ. ನೀರು ಬಳಸುವವರು ಇರುವವರೆಗೆ ಬಳಕೆ ಕಡಿಮೆಯಾಗುವುದಿಲ್ಲ, ಇಂದಿನ ಕಾಲದಲ್ಲಿ ಯಾರನ್ನೂ ಒಂದು ಕೊಡದಲ್ಲಿ ದಿನ ಕಳೆಯಿರೆಂದು ಕೇಳುವಂತೆಯೂ ಇಲ್ಲ. ಆದ್ದರಿಂದ ಮೊದಲು ಹೋಟೆಲುಗಳನ್ನು, ಅನಂತರ ಗಡುವು ಕೊಟ್ಟು ಮನೆಗಳನ್ನು ಕೆಳಗಿನ ಊರಿಗೆ ಸ್ಥಳಾಂತರಿಸಬೇಕು. ಪೂರ್ತಿ ಪರಿಹಾರ, ಬದಲಿ ಮನೆ ಕೈಗೆ ಬರುವ ತನಕ ಯಾರನ್ನೂ ಎಬ್ಬಿಸಬಾರದು. ಇದು ಕಠಿಣ ಕ್ರಮವೆಂಬುದನ್ನು ಒಪ್ಪುತ್ತೇನೆ. ಆದರೆ ಬುರುಜು ಕುಸಿದಾಗ ಅದರ ಮೇಲೂ ಕೆಳಗೂ ಮನೆಗಳಿರುತ್ತವೆ.

ವಿರೋಧ: ಬೀಗ ಹಾಕಿದ ಮನೆಯೂ ಸೋರುತ್ತದೆ

ಜೈಸಲ್ಮೇರಿನಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಕುಲಧರಾ ಎಂಬ ಊರಿದೆ. ಪಾಲೀವಾಲ್ ಬ್ರಾಹ್ಮಣರು 19ನೇ ಶತಮಾನದ ಹೊತ್ತಿಗೆ ಆ ಊರನ್ನು ಬಿಟ್ಟುಹೋದರು. ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಹೋದರೆಂದು ಗೈಡುಗಳು ಹೇಳುತ್ತಾರೆ, ನೀರು ಬತ್ತಿದ್ದರಿಂದ ಹೋದರೆಂದು ಇತರರು ಹೇಳುತ್ತಾರೆ. ನಮ್ಮ ಪ್ರಶ್ನೆಗೆ ಎರಡರಲ್ಲಿ ಯಾವುದಾದರೂ ಒಂದೇ. ಅದೇ ಹಳದಿ ಕಲ್ಲು, ಅದೇ ಹವೆ. ಅಲ್ಲಿ ನಲ್ಲಿಯಿರಲಿಲ್ಲ, ಹೋಟೆಲಿರಲಿಲ್ಲ. ಇಂದು ಅಲ್ಲಿ ಉಳಿದಿರುವುದು ಬಹುಪಾಲು ಸೂರಿಲ್ಲದ ಗೋಡೆಗಳು.

ಇದಕ್ಕೆ ಕಾರಣ ಮಾಳಿಗೆಯಲ್ಲಿದೆ. ಈ ಭಾಗದ ಸಾಂಪ್ರದಾಯಿಕ ಮನೆಗಳಿಗೆ ಮರದ ತೊಲೆಗಳ ಮೇಲೆ ಮಣ್ಣಿನ ದಪ್ಪ ಹೊದಿಕೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮಣ್ಣಿನ ಮಾಳಿಗೆಯಲ್ಲಿ ಬೆಳೆದವರಿಗೆ ಗೊತ್ತಿರುವಂತೆ, ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ತುಳಿದು, ದೋಣಿಯ (ಮಾಳಿಗೆಯ ನೀರು ಹೊರಬೀಳುವ ಕೊಳವೆಯ) ಕಸ ತೆಗೆಯದಿದ್ದರೆ ಆ ವರ್ಷವೇ ತೊಲೆ ಒದ್ದೆಯಾಗುತ್ತದೆ. ಜೈಸಲ್ಮೇರಿನಲ್ಲಿ ಮಳೆ ಅಪರೂಪವಾದರೂ ಬಂದಾಗ ಒಮ್ಮೆಲೇ ಸುರಿಯುತ್ತದೆ. ನೂರಾರು ಮಾಳಿಗೆಗಳ ಮೇಲೆ ನಿಂತ ಆ ನೀರನ್ನು ದಾರಿಗೆ ಹಚ್ಚುವವರು ಆ ರಾತ್ರಿ ಅಲ್ಲಿಯೇ ಮಲಗಿರುವವರೇ ಹೊರತು, ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಬೀಗ ಹಾಕಿ ಹೋಗುವ ಕಾವಲುಗಾರರಲ್ಲ. ತೆರವಿನ ಪರವಾದಿಗಳು ನಲ್ಲಿಯ ನೀರನ್ನು ಮಾತ್ರ ಲೆಕ್ಕ ಹಾಕಿದ್ದಾರೆ.

ಮಳೆನೀರನ್ನು ಬೆಟ್ಟದಿಂದ ಬೇಗ ಹೊರಹಾಕಲು ಕೋಟೆಯಲ್ಲಿ ಘುಟ್ ನಾಲಿ ಎಂಬ ಹಳೆಯ ಕಾಲುವೆ ವ್ಯವಸ್ಥೆಯಿದೆ. ಅದರ ಮೇಲೆ ಕಟ್ಟಡ ಎದ್ದು, ಒಳಗೆ ಕಸ ತುಂಬಿದ್ದು ನಿವಾಸಿಗಳದೂ ತಪ್ಪು, ನೋಡಿಯೂ ಸುಮ್ಮನಿದ್ದ ಆಡಳಿತದ್ದೂ ತಪ್ಪು. ಇತ್ತ ಸಂರಕ್ಷಿತ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಉದ್ದೇಶವೇನೋ ಒಳ್ಳೆಯದು. ಆದರೆ ಕಾಗದ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ, ಕಾದು ಬೇಸತ್ತವನು ರಾತ್ರೋರಾತ್ರಿ ಸಿಮೆಂಟು ಬಳಿಯುತ್ತಾನೆ. ಮೆದು ಕಲ್ಲಿನ ತೇವ ಹೊರಗೆ ಆರದಂತೆ ಸಿಮೆಂಟು ತಡೆಯುವುದರಿಂದ ಕಲ್ಲು ಇನ್ನಷ್ಟು ಬೇಗ ಸವೆಯುತ್ತದೆ.

ಸ್ಥಳಾಂತರವನ್ನು ಗಡುವು, ಪರಿಹಾರಗಳೊಂದಿಗೆ ಸುಸೂತ್ರವಾಗಿ ಮಾಡಬಹುದೆಂಬ ಭರವಸೆಯನ್ನು ಕನ್ನಡಿಗರಾದ ನಾವು ಸುಲಭವಾಗಿ ನಂಬಲಾರೆವು. 2011ರ ಜುಲೈ ಕೊನೆಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಯಂತ್ರ ತಂದು ಕೆಡವಿದಾಗ ಅಲ್ಲಿದ್ದವರಿಗೆ ಸಿಕ್ಕ ಕಾಲಾವಕಾಶ ತೀರಾ ಅಲ್ಪ. ಕಡ್ಡಿರಾಂಪುರದ ಬಳಿ ಅವರಿಗೆ ನೆಲೆ ಸಿಗಲು ವರ್ಷಗಳೇ ಹಿಡಿದವು. ಅಲ್ಲಿದ್ದವರನ್ನು ಒತ್ತುವರಿದಾರರೆನ್ನಲಾಯಿತು. ಜೈಸಲ್ಮೇರಿನವರಾದರೋ ತಲೆತಲಾಂತರದ ಮನೆಗಳ ಒಡೆಯರು.

15ನೇ ಶತಮಾನದ ಲಕ್ಷ್ಮೀನಾಥ ಗುಡಿಗೆ ಬೆಳಗಿನ ಆರತಿಗೆ ಬರುವವರು ಅಕ್ಕಪಕ್ಕದ ಪಾಡಾಗಳವರು, ಅಂದರೆ ಓಣಿಗಳವರು. ಮದುವೆಯಾದ ಮನೆಯ ಹೊರಗೋಡೆಯ ಮೇಲೆ ಗಣೇಶನ ಚಿತ್ರ ಬರೆದು, ಕೆಳಗೆ ವಧೂವರರ ಹೆಸರು, ಮದುವೆಯ ದಿನಾಂಕ ಬರೆಯುವುದು ಇಲ್ಲಿನ ಪದ್ಧತಿ. ಬಣ್ಣ ಮಾಸಿದ ಹಳೆಯ ಗಣೇಶನ ಪಕ್ಕದಲ್ಲೇ ಮಗನ ಮದುವೆಯ ಹೊಸ ಗಣೇಶ. ಯುನೆಸ್ಕೊ ಪಟ್ಟಿಯ ಕಲ್ಲುಗಳಷ್ಟೇ ಇದೂ ಈ ಕೋಟೆಯ ದಾಖಲೆ, ತೆರವಾದ ವರ್ಷಕ್ಕೆ ನಿಂತುಹೋಗುವ ದಾಖಲೆ.

ಹೋಟೆಲುಗಳ ವಿಷಯದಲ್ಲಿ ಎದುರುವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ: ರಾತ್ರಿ ತಂಗುವ ಪ್ರವಾಸಿಗೆ ಕೆಳಗಿನ ಊರಿನಲ್ಲಿ ಬೇಕಾದಷ್ಟು ಕೋಣೆಗಳಿವೆ, ಅವನು ಮೇಲೆಯೇ ಸ್ನಾನ ಮಾಡಬೇಕಾದ ಅಗತ್ಯವಿಲ್ಲ. ಅವುಗಳನ್ನು ಮುಚ್ಚಿಸಿ, ಘುಟ್ ನಾಲಿಯನ್ನು ಬಿಡಿಸಿ, ಮನೆಮನೆಯ ಪೈಪನ್ನೂ ಸೋರದ ಒಳಚರಂಡಿಗೆ ಜೋಡಿಸಿ, ಮಾಳಿಗೆಯ ದುರಸ್ತಿಗೆ ಏಪ್ರಿಲ್‌ನಲ್ಲಿ ಕೇಳಿದವನಿಗೆ ಜೂನ್ ಒಳಗೆ ಅನುಮತಿ ಕೊಟ್ಟು ನೋಡಲಿ. ಇವೆಲ್ಲ ಆದ ಮೇಲೂ ಬುರುಜು ಹೊರಕ್ಕೆ ಬಾಗುತ್ತಿದ್ದರೆ, ಆ ಬುರುಜಿನ ಮೇಲಿನ ಮನೆಯವರೊಂದಿಗೆ ಕುಳಿತು ಸ್ಥಳಾಂತರದ ಮಾತನ್ನು ಆಡಬಹುದು.